ಐನೂರು ರೂಪಾಯಿ

ಹಣ್ಣು ಕೆಂಪಾದ ದಿನದಿಂದ ಫೋನು ಮೂಕ.
ಈಗ ಕೊಂಬೆ ಕಡಿದರೆ ಕೆಳಗಿನ ಗಿಡದ ಹಣ್ಣೆಲ್ಲ ನೆಲಕ್ಕೆ,
ಅದಕ್ಕೇ ಸುಂಟಿಕೊಪ್ಪದಿಂದ ಮಾದಾಪುರದವರೆಗೆ
ಒಬ್ಬ ಸಾಹುಕಾರರಿಗೂ ನೆರಳು ಹೆಚ್ಚೆನಿಸುವುದಿಲ್ಲ.
ಏಪ್ರಿಲ್‌ನಲ್ಲಿ ಇವರೇ
ಬೆಳಗಿನ ಐದೂವರೆಗೆ ಎಬ್ಬಿಸಿದವರು:
"ದಮಯಂತಿ, ನಾಳೆಯೇ ಜನ ಕಳಿಸು, ತೋಟಕ್ಕೆ ಬಿಸಿಲು ಬೀಳಲಿ."

ಮರಗಸಿಯವರಿಗೆ ವರ್ಷಕ್ಕೆ ಐದೇ ತಿಂಗಳು.
ಉಳಿದ ತಿಂಗಳು ಏನು ಮಾಡುತ್ತೀರಿ, ಬ್ಯಾಂಕಿನವನು ಕೇಳಿದ.
ಹಗ್ಗ ಒಗೆಯುತ್ತೇವೆ, ಎಂದೆ.
ನಕ್ಕ. ನಾನು ನಗಿಸಲು ಹೇಳಿದ್ದಲ್ಲ.
ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು,
ಮಾರು ಮಾರಾಗಿ ಎಳೆದು, ಬೆರಳಲ್ಲಿ ಹಿಂಡಿ,
ಎಲ್ಲಿ ಮೆತ್ತಗಾಗಿದೆ, ಎಲ್ಲಿ ನೂಲು ಬಿಟ್ಟಿದೆ
ಕಣ್ಣು ಮುಚ್ಚಿಕೊಂಡು ನೋಡುವ ಕೆಲಸ ಅದು.
ಅರವತ್ತು ಅಡಿಯ ಹತ್ತಿರ ಸೊರಗಿದ ಜಾಗ ಸಿಕ್ಕಿತು.
ಅಲ್ಲೇ ಕತ್ತರಿಸಿದೆ.
ಹೊಸದಕ್ಕೆ ಒಂಬತ್ತು ಸಾವಿರ.
ಚಿಕ್ಕ ಹಗ್ಗಕ್ಕೆ ಚಿಕ್ಕ ಮರ, ಅಷ್ಟೆ.

ಐತಪ್ಪ ಗರಗಸದ ಹಲ್ಲಿಗೆ ಅರ ಹಾಕುತ್ತಾನೆ,
ನಿನ್ನೆ ಹಾಕಿದ್ದಕ್ಕೇ ಇವತ್ತೂ.
ಸಾಕು ಮಾರಾಯ, ಹಲ್ಲೇ ಉಳಿಯಲಿಕ್ಕಿಲ್ಲ, ಎಂದರೆ
ಕೈ ಸುಮ್ಮನಿರುವುದಿಲ್ಲ, ಎನ್ನುತ್ತಾನೆ.
ಸಮದ್ ಅರ್ಧ ಸಂಬಳ ಒಲ್ಲೆನೆಂದ.
ಹೆಂಡತಿಯ ಜೊತೆ ಹಣ್ಣು ಕೊಯ್ಯಲು ಹೋಗುತ್ತಾನೆ, ಕಿಲೋಗೆ ಆರು.
ಎಂಬತ್ತು ಅಡಿ ಮೇಲೆ ನಡುಗದ ಕಾಲು
ಎದೆಮಟ್ಟದ ಗಿಡದೆದುರು ಸಂಜೆಗೆ ಊದಿಕೊಳ್ಳುತ್ತದಂತೆ.
"ಅಕ್ಕಾ, ನೆಲ ಭಾರೀ ಸುಸ್ತು ಮಾಡ್ತದೆ."

ಪಿರಿಯಾಪಟ್ಟಣದ ಟಿಂಬರಿನವನು ಎರಡು ಸಲ ಬಂದ.
ಪಿಕಪ್ಪು ಕೊಡುತ್ತೀರಾ?
ಏಪ್ರಿಲ್‌ನಲ್ಲಿ ಕೇಳಿ, ಎಂದೆ.
ಏಪ್ರಿಲ್‌ನಲ್ಲಿ ನೀವು ಕೊಡುವುದಿಲ್ಲ, ಎಂದ.
ಸರಿಯಾಗಿಯೇ ಹೇಳಿದ. ಟೀ ಕುಡಿದು ಹೋದ.

ಹದಿನೇಳನೇ ತಾರೀಕು ಫೋನು ಬಡಿದುಕೊಂಡಿತು.
ಹೋಂಸ್ಟೇ ಹುಡುಗ, ಗಾಬರಿಯ ದನಿ:
ಅತಿಥಿಗಳ ಡ್ರೋನು ಸಿಲ್ವರ್ ಮರದ ತುದಿಗೆ ಸಿಕ್ಕಿಕೊಂಡಿದೆ.
ಐತಪ್ಪ ಅರ ಕೆಳಗಿಟ್ಟ.
ಸಮದ್ ಸೊಂಟದ ಕೊಯ್ಲುಚೀಲ ಬಿಚ್ಚದೆಯೇ ಓಡಿಬಂದ.
ಮೂರು ಜನ, ಒಂದು ಪಿಕಪ್ಪು, ಇನ್ನೂರರ ಡೀಸೆಲ್ಲು,
ಒಂದು ಆಟಿಕೆ ಇಳಿಸಲು.

ಕಾಂಡದ ತುಂಬ ಮೆಣಸಿನ ಬಳ್ಳಿ, ಗೊಂಚಲು ಗೊಂಚಲು.
ಒಂದು ಗೆಣ್ಣು ಮುರಿದರೂ ನನ್ನ ಲೆಕ್ಕಕ್ಕೆ.
ಒಂಟಿ ಬಿದಿರಿನ ಏಣಿ ಆನಿಸಿ
ಬಳ್ಳಿಗೂ ತೊಗಟೆಗೂ ನಡುವೆ
ಹೆಬ್ಬೆರಳಿಗೆ ಜಾಗ ಕೇಳುತ್ತ ಕೇಳುತ್ತ ಹತ್ತಿದ.
ನಾನು ಹಗ್ಗ ಬಿಡುತ್ತಿದ್ದೆ.
ಎರಡು ತಿಂಗಳ ಮೇಲೆ
ಅಂಗೈಗೆ ಆ ತೂಕದ ಗುರುತು ಸಿಕ್ಕಿತು.

ಇಳಿಸಿದ. ಅದರ ಕಣ್ಣು ತೆರೆದೇ ಇತ್ತಂತೆ.
ಒಬ್ಬಳು ಹುಡುಗಿ ಫೋನಿನಲ್ಲಿ ತೋರಿಸಿದಳು:
ಮೊದಲು ಬರೀ ಎಲೆ, ಬೆಳ್ಳಿ ಬೆನ್ನಿನ ಎಲೆ.
ಆಮೇಲೆ ಒಂದು ಕೈ.
ಆಮೇಲೆ ಸಮದನ ಹಣೆ, ಬೆವರು, ಅಲ್ಲಾಡುವ ತುಟಿ.
ಮೇಲೆ ಹೋದಾಗ ಅವನು ಮಾತಾಡುತ್ತಾನೆಂದು
ಹನ್ನೊಂದು ವರ್ಷ ನನಗೆ ತಿಳಿದಿರಲಿಲ್ಲ.
ಅವನ ಹೆಗಲ ಹಿಂದೆ, ತೀರಾ ಕೆಳಗೆ,
ಕಾಫಿ ಬೀಜದಷ್ಟು ನಾನು,
ಕತ್ತೆತ್ತಿ ನಿಂತವಳು.
ಹಗ್ಗ ಕಾಣಿಸಲೇ ಇಲ್ಲ.

ವಾಪಸು ಬರುವಾಗ ಕೇಳಿದೆ:
ಮರಕ್ಕೆ ಏನು ಹೇಳುತ್ತಿದ್ದೆ?
"ಮರಕ್ಕೆ ಎಂಥದ್ದು ಅಕ್ಕಾ, ಲೆಕ್ಕ.
ಬೆಳಗ್ಗಿಂದ ನಲವತ್ತೆರಡು ಕಿಲೋ ಆಗಿತ್ತು,
ಮರೆತರೆ ಮೇಸ್ತ್ರಿ ಮೂವತ್ತೆಂಟು ಬರೀತಾನೆ."
ಐತಪ್ಪ ನಕ್ಕ ನಗುವಿಗೆ ಗೇರು ತಪ್ಪಿತು.

ರಾತ್ರಿ ಪುಸ್ತಕ ತೆಗೆದೆ.
ಐನೂರು. ಡೀಸೆಲ್ಲು ಕಳೆದು ಮುನ್ನೂರು. ಮೂರು ಪಾಲು.
ಕಡಿದದ್ದು: ಏನಿಲ್ಲ.
ಮುರಿದದ್ದು: ಏನಿಲ್ಲ.
ಕೆಳಗೆ ಪೆನ್ಸಿಲ್ಲಿನಲ್ಲಿ, ಮರೆಯಬಾರದೆಂದು:
ಆ ಹುಡುಗಿಯ ಫೋನಿನಲ್ಲಿ, ಬಲಗಡೆ ಮೂಲೆಗೆ,
ಹೋಂಸ್ಟೇ ಮಾಡಿನ ಮೇಲೆ ಬಾಗಿದ ಹಲಸಿನ ಕವಲಲ್ಲಿ
ಉದ್ದದ ಬಿರುಕು.
ಮಾರ್ಚಿಗೆ ಮುಂಚೆ ಹೇಳಬೇಕು.
ಫೋನು ಮಾಡುವುದಲ್ಲ, ಹೋಗಿಯೇ ಹೇಳಬೇಕು.